ಅಟ್ಲಾಂಟಾಕ್ಕೆ ಬರುವ ನಿಮಗೆ, ಒಂದು ಬಾನುಲಿಯ ಬಗ್ಗೆ

ಕುಟುಂಬ ಸಮೇತ ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾಕ್ಕೆ ಬರುತ್ತಿದ್ದೀರಿ, ನಗರದ ಉತ್ತರಕ್ಕಿರುವ ಕಮಿಂಗ್‌ನಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೀರಿ ಎಂದು ತಿಳಿದು ಸಂತೋಷವಾಯಿತು. ನೀವು ಕೇಳಿದ ಸಣ್ಣಪುಟ್ಟ ಪ್ರಶ್ನೆಗಳಿಗೆ ಮೊದಲು ಉತ್ತರಿಸಿಬಿಡುತ್ತೇನೆ. ಶಾಲೆಗಳು ಚೆನ್ನಾಗಿವೆ. ನಮ್ಮ ದಿನಸಿ ಎಲ್ಲವೂ ಸಿಗುತ್ತದೆ. ನೃಪತುಂಗ ಕನ್ನಡ ಕೂಟವಿದೆ, ಹಬ್ಬಗಳಲ್ಲಿ ಒಂಟಿತನ ಕಾಡುವುದಿಲ್ಲ. ಕಾರಿಲ್ಲದೆ ಆ ಭಾಗದಲ್ಲಿ ದಿನ ಕಳೆಯುವುದು ಕಷ್ಟ.

ಉಳಿದದ್ದು ಎರಡು ಪ್ರಶ್ನೆ. ನಗರದ ದಕ್ಷಿಣಕ್ಕೆ, ಕಪ್ಪು ವರ್ಣೀಯರು ಹೆಚ್ಚಾಗಿರುವ ಕಡೆಗೆ ಕಾಲಿಡಲೇಬೇಡಿ ಎಂದು ಪರಿಚಯದವರು ಎಚ್ಚರಿಸಿದ್ದಾರೆ, ನಿಜವೇ ಎಂದು ಕೇಳಿದ್ದೀರಿ. ಕಚೇರಿಗೆ ಹೋಗಿಬರುವ ದಾರಿಯಲ್ಲಿ ಈ ದೇಶವನ್ನು ತಿಳಿಯಲು ಏನು ಕೇಳಬಹುದು ಎಂದೂ ಕೇಳಿದ್ದೀರಿ. ಎರಡನ್ನೂ ಕೂಡಿಸಿಯೇ ಉತ್ತರಿಸಬೇಕಾಗಿದೆ.

ಮೊದಲನೆಯದಕ್ಕೆ ನನ್ನ ಉತ್ತರ: ಆ ಮಾತಿಗೆ ಕಿವಿಗೊಡಬೇಡಿ. ಯಾವುದೇ ದೊಡ್ಡ ಊರಿನಲ್ಲಿ ಕೆಲವು ಬೀದಿಗಳಲ್ಲಿ ಅಪರಾತ್ರಿ ಓಡಾಡಬಾರದು, ಇಲ್ಲಿಯೂ ಹಾಗೆಯೇ. ಆದರೆ ಊರಿನ ಅರ್ಧ ಭಾಗವನ್ನೇ ಚರ್ಮದ ಬಣ್ಣ ನೋಡಿ ತಳ್ಳಿಹಾಕುವುದು ನಮ್ಮವರು ಇಲ್ಲಿಗೆ ಬಂದು ಕಲಿತ ಕೆಟ್ಟ ಅಭ್ಯಾಸ. ಬರುವಾಗಲೇ ತಂದದ್ದೂ ಅದರಲ್ಲಿ ಸ್ವಲ್ಪ ಇದೆ. ನೈಋತ್ಯ ಅಟ್ಲಾಂಟಾದ ಕ್ಯಾಸ್ಕೇಡ್ ಹೈಟ್ಸ್ ಬಳಿ ಪೇಟನ್ ರಸ್ತೆ ಇದೆ. 1962ರಲ್ಲಿ ಒಬ್ಬ ಕಪ್ಪು ವರ್ಣೀಯ ವೈದ್ಯರು ಅಲ್ಲಿ ಮನೆ ಕೊಳ್ಳಲು ಮುಂದಾದರು ಎಂಬ ಕಾರಣಕ್ಕೆ ಮೇಯರ್ ಐವನ್ ಆ್ಯಲನ್ ರಸ್ತೆಗೇ ಅಡ್ಡಗಟ್ಟೆ ಹಾಕಿಸಿದರು. ಮರುವರ್ಷ ಮಾರ್ಚ್‌ನಲ್ಲಿ ನ್ಯಾಯಾಲಯ ಅದನ್ನು ತೆಗೆಸಿತು. ಬಿಳಿಯರು ಮನೆ ಮಾರಿ ಹೊರಟರು. ಅನುಕೂಲಸ್ಥ ಕಪ್ಪು ಕುಟುಂಬಗಳು ಅಂದವಾಗಿ ಕಟ್ಟಿಕೊಂಡ ಬಡಾವಣೆ ಅದು. ನಿಮಗೆ ‘ಹೋಗಬೇಡಿ’ ಎಂದವರು ಅದನ್ನು ಕಣ್ಣಾರೆ ಕಂಡಿರಲಾರರು.

ನೀವು ಮನೆ ನೋಡುತ್ತಿರುವ ಕಮಿಂಗ್ ಇರುವುದು ಫೋರ್ಸೈತ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ). 1912ರಲ್ಲಿ ಅಲ್ಲಿ ಬಿಳಿಯ ಯುವತಿಯೊಬ್ಬಳ ಮೇಲೆ ನಡೆದ ಹಲ್ಲೆಯ ನೆಪದಲ್ಲಿ ರಾಬ್ ಎಡ್ವರ್ಡ್ಸ್ ಎಂಬ ಕಪ್ಪು ವರ್ಣೀಯನನ್ನು ಗುಂಪೊಂದು ಜೈಲಿನಿಂದ ಎಳೆದು ಕೊಂದಿತು. ಹದಿಹರೆಯದ ಇಬ್ಬರು ಹುಡುಗರನ್ನು ಗಲ್ಲಿಗೇರಿಸಲಾಯಿತು. ಬೆಂಕಿಗೆ, ಗುಂಡಿಗೆ, ಬೆದರಿಕೆಗೆ ಅಂಜಿ ಸುಮಾರು 1,100 ಕಪ್ಪು ವರ್ಣೀಯರು ಹೊಲ, ಮನೆ, ಚರ್ಚುಗಳನ್ನು ಬಿಟ್ಟು ಊರು ತೊರೆದರು. ಮುಕ್ಕಾಲು ಶತಮಾನ ಅದು ಬಹುತೇಕ ಬಿಳಿಯರದೇ ಕೌಂಟಿಯಾಗಿ ಉಳಿಯಿತು. 1987ರ ಜನವರಿಯಲ್ಲಿ ನಾಗರಿಕ ಹಕ್ಕುಗಳ ಹೋರಾಟಗಾರ ಹೋಸಿಯಾ ವಿಲಿಯಮ್ಸ್ ಸಣ್ಣ ಮೆರವಣಿಗೆ ಕರೆತಂದಾಗ ಬಿಳಿಯರ ಗುಂಪು ಕಲ್ಲು, ಬಾಟಲಿ ತೂರಿತು. ಮುಂದಿನ ಶನಿವಾರ ಸುಮಾರು 20,000 ಜನ ಬಂದು ಅದೇ ಊರಿನಲ್ಲಿ ನಡೆದರು. ಈಗ ಅಲ್ಲಿ ನಮ್ಮ ಮಕ್ಕಳು ಸೈಕಲ್ ಹೊಡೆಯುತ್ತಾರೆ. ಮನೆ ಖಂಡಿತ ಮಾಡಿ, ನೆಲದ ಕಥೆಯನ್ನು ತಿಳಿದೇ ಮಾಡಿ.

ಇಂಥವನ್ನೆಲ್ಲ ಇಲ್ಲಿ ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ಆದ್ದರಿಂದ ಕಾರಿನ ರೇಡಿಯೋವನ್ನು ಎಫ್‌ಎಂ 89.3ಕ್ಕೆ ತಿರುಗಿಸಿ ಎನ್ನುತ್ತೇನೆ. ಡಬ್ಲ್ಯುಆರ್‌ಎಫ್‌ಜಿ 1973ರಲ್ಲಿ ಆರಂಭವಾದ ಸಮುದಾಯ ಬಾನುಲಿ. ಸ್ವಯಂಸೇವಕರ ದುಡಿಮೆ, ಕೇಳುಗರ ದೇಣಿಗೆಯ ಮೇಲೆ ನಿಂತಿದೆ. ಸೋಲ್, ಬ್ಲೂಸ್, ಜಾಝ್ ಜೊತೆಗೆ ಊರಿನ ಮಾತುಕತೆಯೂ ಅಲ್ಲಿ ಬರುತ್ತದೆ. 1970ರ ದಶಕದಲ್ಲಿ ಈ ಕೇಂದ್ರದವರು ರೆಕಾರ್ಡರ್ ಹಿಡಿದು ಊರಿನ ವೃದ್ಧರ ಬಳಿ ಹೋದರು. ಎರಡು ಮಹಾಯುದ್ಧಗಳ ಕಾಲದ ಅಟ್ಲಾಂಟಾದಲ್ಲಿ ಯಾರು ಎಲ್ಲಿ ಕೂರಬೇಕಿತ್ತು, ಯಾವ ಬಾಗಿಲಿನಿಂದ ಒಳಗೆ ಹೋಗಬೇಕಿತ್ತು ಎಂಬುದನ್ನು ಬಾಳಿದವರ ಬಾಯಿಂದಲೇ ಹೇಳಿಸಿ ಸರಣಿಯಾಗಿ ಬಿತ್ತರಿಸಿದರು. ಅದು 1990ರಲ್ಲಿ ಪುಸ್ತಕವಾಗಿಯೂ ಬಂತು. ಸರ್ಕಾರಿ ಕಡತ ಹೇಳದ ಸಂಗತಿಗಳು ಅದರಲ್ಲಿವೆ.

ಈ ಊರಿನಲ್ಲಿ ಬಾನುಲಿಗೂ ಹೋರಾಟಕ್ಕೂ ಹಳೆಯ ನಂಟು. ಲೆಕ್ಕಪರಿಶೋಧಕ ಜೆಸ್ಸಿ ಬ್ಲೇಟನ್ 1949ರಲ್ಲಿ ಕೊಂಡ ಡಬ್ಲ್ಯುಇಆರ್‌ಡಿ, ಕಪ್ಪು ವರ್ಣೀಯರ ಒಡೆತನದ ದೇಶದ ಮೊದಲ ಬಾನುಲಿ ಕೇಂದ್ರ. ಆಬರ್ನ್ ಅವೆನ್ಯೂವಿನ ಕಟ್ಟಡವೊಂದರಲ್ಲಿ ಅದರ ಸ್ಟುಡಿಯೋ ಇತ್ತು. ಕೆಳಗಡೆ ಮಾರ್ಟಿನ್ ಲೂಥರ್ ಕಿಂಗ್ ಅವರ ಸಂಘಟನೆಯ ಕಚೇರಿ. ಕಿಂಗ್ ಅವರು ಬಾನುಲಿಯಲ್ಲಿ ಏನಾದರೂ ಹೇಳಬೇಕಿದ್ದರೆ ಪೊರಕೆ ಹಿಡಿಯಿಂದ ಛಾವಣಿಯನ್ನು ತಟ್ಟುತ್ತಿದ್ದರಂತೆ. ಮೇಲಿನವರು ಹಾಡು ನಿಲ್ಲಿಸಿ, ಕಿಟಕಿಯಿಂದ ಮೈಕ್ ಇಳಿಬಿಡುತ್ತಿದ್ದರಂತೆ. ನನಗೆ ಇಷ್ಟವಾದ ಕಥೆ ಇದು.

ಹಾಡುಗಳಿಗೂ ಚರಿತ್ರೆಯಿದೆ. ಇದೇ ರಾಜ್ಯದಲ್ಲಿ ಹುಟ್ಟಿದ ರೇ ಚಾರ್ಲ್ಸ್ 1961ರಲ್ಲಿ ಅಗಸ್ಟಾದ ಕಾರ್ಯಕ್ರಮವನ್ನು ರದ್ದು ಮಾಡಿದರು. ಪ್ರೇಕ್ಷಕರನ್ನು ಬಣ್ಣ ನೋಡಿ ಬೇರೆ ಬೇರೆ ಕೂರಿಸುವ ಸಭಾಂಗಣದಲ್ಲಿ ಹಾಡಲು ಅವರಿಗೆ ಮನಸ್ಸು ಬರಲಿಲ್ಲ. ಒಪ್ಪಂದ ಮುರಿದದ್ದಕ್ಕೆ ದಂಡ ಕಟ್ಟಿದರು. ಅವರು ಹಾಡಿ ಪ್ರಸಿದ್ಧಗೊಳಿಸಿದ ‘ಜಾರ್ಜಿಯಾ ಆನ್ ಮೈ ಮೈಂಡ್’ ಗೀತೆಯೇ 1979ರಲ್ಲಿ ಜಾರ್ಜಿಯಾದ ನಾಡಗೀತೆಯಾಯಿತು.

ನಮಗೇನು ಸಂಬಂಧ ಎನ್ನುವವರು ಸಿಗುತ್ತಾರೆ. ಅವರಿಗೆ ಇದನ್ನು ಹೇಳಿ: 1923ರಲ್ಲಿ, ಪಂಜಾಬಿನಿಂದ ಇಲ್ಲಿಗೆ ಬಂದಿದ್ದ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಭಾರತೀಯರು ಬಿಳಿಯರಲ್ಲ, ಪೌರತ್ವ ಕೊಡಲಾಗದು ಎಂದಿತು. 1946ರಲ್ಲಿ ಬಾಗಿಲು ತೆರೆದಾಗಲೂ ವರ್ಷಕ್ಕೆ 100 ಜನರಿಗಷ್ಟೇ ಅವಕಾಶ. ನಾವೆಲ್ಲ ಬರುವಂತಾದದ್ದು 1965ರ ವಲಸೆ ಕಾನೂನಿನಿಂದ, ಮತ್ತು ಅದು ಜಾರಿಗೆ ಬಂದದ್ದು ಕಪ್ಪು ವರ್ಣೀಯರ ನಾಗರಿಕ ಹಕ್ಕುಗಳ ಚಳವಳಿ ದೇಶದ ಮನಸ್ಸನ್ನು ಅಲುಗಾಡಿಸಿದ ಮೇಲೆ. ಯಾರ ನೆರೆಯಲ್ಲಿ ವಾಸಿಸಲು ನಮ್ಮವರು ಹಿಂಜರಿಯುತ್ತಾರೋ ಅವರೇ ಪೆಟ್ಟು ತಿಂದು ಗಳಿಸಿಕೊಟ್ಟ ಜಾಗ ಇದು.

ಸಾಮಾನು ಬಿಚ್ಚಿಟ್ಟ ಮೇಲೆ ಒಂದು ಶನಿವಾರ ನಾರ್ತ್ ಸ್ಪ್ರಿಂಗ್ಸ್ ನಿಲ್ದಾಣದಲ್ಲಿ ಕಾರು ನಿಲ್ಲಿಸಿ, ನಗರದ ಮಾರ್ಟಾ ರೈಲು ಹತ್ತಿ, ಫೈವ್ ಪಾಯಿಂಟ್ಸ್‌ನಲ್ಲಿ ರೈಲು ಬದಲಿಸಿ ಕಿಂಗ್ ಮೆಮೋರಿಯಲ್ ನಿಲ್ದಾಣದಲ್ಲಿ ಇಳಿಯಿರಿ. ಆಬರ್ನ್ ಅವೆನ್ಯೂ ಅಲ್ಲಿಂದ ನಡೆದುಹೋಗುವಷ್ಟು ದೂರ. ಅಲ್ಲಿ ಕಿಂಗ್ ಅವರ ಹೆಸರಿನಲ್ಲಿರುವ ರಾಷ್ಟ್ರೀಯ ಉದ್ಯಾನದ ಪ್ರದರ್ಶನ ನೋಡಲು ಶುಲ್ಕವಿಲ್ಲ. ಮಕ್ಕಳನ್ನೂ ಕರೆದೊಯ್ಯಿರಿ. ಬಾನುಲಿಯವರು ದೇಣಿಗೆ ಕೇಳುವಾಗ ಕೈಲಾದಷ್ಟು ಕೊಡಿ.