ಅಪಾಚೆ ಸರ್ವರ್‌ನಲ್ಲಿ ಸದಸ್ಯರ ಲಾಗಿನ್ ಅನ್ನು ಡೇಟಾಬೇಸ್‌ನಿಂದಲೇ ಪರಿಶೀಲಿಸುವುದು ಹೇಗೆ?

ಬೇರೆ ಪಾಸ್‌ವರ್ಡ್ ಕಡತ ಬೇಡ. ಸೋಮವಾರಪೇಟೆಯ ನಿಮ್ಮ ಬೆಳೆಗಾರರ ಗುಂಪಿನ ಸದಸ್ಯರ ಪಟ್ಟಿ ಈಗಾಗಲೇ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಇರುವುದರಿಂದ, ಅಪಾಚೆಯ ಡಿಬಿಡಿ ದೃಢೀಕರಣ ಘಟಕವನ್ನು (ಲಾಗಿನ್ ಅನ್ನು ಡೇಟಾಬೇಸ್‌ನಲ್ಲಿ ನೋಡಿ ಪರಿಶೀಲಿಸುವ ಭಾಗ) ಚಾಲೂ ಮಾಡಿ, ಡೇಟಾಬೇಸ್ ಸಂಪರ್ಕದ ವಿವರಗಳ ಜೊತೆ ‘ಈ ಹೆಸರಿನವರ ಪಾಸ್‌ವರ್ಡ್ ಕೊಡು’ ಎಂಬ ಒಂದೇ ಸಾಲಿನ ಪ್ರಶ್ನೆಯನ್ನು ಅಪಾಚೆಯ ಸಂರಚನೆ ಕಡತದಲ್ಲಿ ಬರೆದರೆ ಸಾಕು. ತೋಟದ ಮಳೆ ಲೆಕ್ಕ ಬರೆಯುವ ಪುಟಕ್ಕೆ ಇದು ಧಾರಾಳವಾಗಿ ಆಯಿತು.

ಡೇಟಾಬೇಸ್‌ನಲ್ಲಿ ಇರಬೇಕಾದದ್ದು ಪಾಸ್‌ವರ್ಡ್ ಅಲ್ಲ, ಅದರ ಹ್ಯಾಶ್. ಅಂದರೆ ಹಿಂದಕ್ಕೆ ತಿರುಗಿಸಲಾಗದ ರೂಪ. ಹುರಿದು ಪುಡಿ ಮಾಡಿದ ಕಾಫಿಯಿಂದ ಮತ್ತೆ ಬೀಜ ಬರುವುದಿಲ್ಲವಲ್ಲ, ಹಾಗೆ. ಸದಸ್ಯರು ಟೈಪ್ ಮಾಡಿದ್ದನ್ನು ಸರ್ವರ್ ಅದೇ ರೀತಿ ಪುಡಿ ಮಾಡಿ, ಎರಡನ್ನೂ ಹೋಲಿಸುತ್ತದೆ. ಬಿಕ್ರಿಪ್ಟ್ ವಿಧಾನ ಬಳಸಿ. ಅದರ ಹ್ಯಾಶ್ 60 ಅಕ್ಷರಗಳಷ್ಟು ಉದ್ದ. ನಾನೊಮ್ಮೆ ಕೋಷ್ಟಕದಲ್ಲಿ ಹ್ಯಾಶ್ ಇಡುವ ಅಂಕಣಕ್ಕೆ 50 ಅಕ್ಷರಗಳ ಮಿತಿ ಇಟ್ಟು, ಬಾಲ ಕತ್ತರಿಸಿ ಹೋಗಿ, ಸರಿಯಾದ ಪಾಸ್‌ವರ್ಡ್‌ಗಳೆಲ್ಲ ತಪ್ಪೆಂದು ಬರುತ್ತಿದ್ದಾಗ ಒಂದಿಡೀ ಸಂಜೆ ತಲೆ ಕೆಡಿಸಿಕೊಂಡಿದ್ದೆ.

ಈ ಬಗೆಯ ಲಾಗಿನ್‌ನಲ್ಲಿ ಬ್ರೌಸರ್ ಪ್ರತಿ ಕೋರಿಕೆಯ ಜೊತೆಗೂ ಹೆಸರು, ಪಾಸ್‌ವರ್ಡ್ ಕಳುಹಿಸುತ್ತದೆ, ಅದೂ ಯಾರು ಬೇಕಾದರೂ ಬಿಡಿಸಿ ಓದಬಹುದಾದ ಬೇಸ್64 ರೂಪದಲ್ಲಿ. ಆದ್ದರಿಂದ ದಾರಿಯಲ್ಲಿ ಯಾರೂ ಓದದಂತೆ ಮುಚ್ಚಿ ಕಳುಹಿಸುವ ಎಚ್‌ಟಿಟಿಪಿಎಸ್ ಕಡ್ಡಾಯ. ಪ್ರತಿ ಚಿತ್ರಕ್ಕೂ ಡೇಟಾಬೇಸ್ ಬಾಗಿಲು ತಟ್ಟುವುದು ನಿಧಾನ ಎನಿಸಿದರೆ, ಸೋಕ್ಯಾಶ್ ಘಟಕ ಸೇರಿಸಿ. ಅದು ಪಡೆದ ಹ್ಯಾಶ್ ಅನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ. ಸರ್ವರ್‌ನ ಡೇಟಾಬೇಸ್ ಖಾತೆಗೆ ಸದಸ್ಯರ ಕೋಷ್ಟಕವನ್ನು ಓದುವ ಹಕ್ಕು ಮಾತ್ರ ಕೊಡಿ.