ನ್ಯಾಟೋ ಸಾಮೂಹಿಕ ಭದ್ರತೆಗೆ ಉದಾಹರಣೆಯೇ? ವಿಟೋ ತೆಗೆದರೆ ವಿಶ್ವಸಂಸ್ಥೆ ಯುದ್ಧ ನಿಲ್ಲಿಸೀತೇ?

ಧಾರವಾಡದಲ್ಲಿ ಕೆಎಎಸ್ ತಯಾರಿ ನಡೆಸಿರುವ ನೀವು ಎರಡು ಕೇಳಿದ್ದೀರಿ: ನ್ಯಾಟೋವನ್ನು (ಅಮೆರಿಕ, ಯುರೋಪ್ ದೇಶಗಳ ಸೈನಿಕ ಕೂಟ) ಸಾಮೂಹಿಕ ಭದ್ರತೆ ಅಂತ ಬರೆಯಬಹುದಾ, ವಿಟೋ (ವಿಶ್ವಸಂಸ್ಥೆ ಭದ್ರತಾ ಮಂಡಳಿಯ ಐದು ಕಾಯಂ ಸದಸ್ಯರಲ್ಲಿ ಒಬ್ಬರೇ ಠರಾವು ತಡೆಯಬಲ್ಲ ಅಧಿಕಾರ) ಇರದಿದ್ದರೆ ಉಕ್ರೇನ್ ಯುದ್ಧ ನಿಲ್ಲುತ್ತಿತ್ತಾ.

ಮೊದಲನೆಯದು ಬರೀಬ್ಯಾಡ್ರಿ. ಹುಬ್ಬಳ್ಳಿ ದುರ್ಗದ ಬೈಲಿನ ಹತ್ತು ಅಂಗಡಿಯವರು ಹೊರಗಿನ ಕಳ್ಳರಿಗಾಗಿ ಒಬ್ಬ ವಾಚ್‌ಮನ್ ಇಟ್ಟರೆ ಅದು ನ್ಯಾಟೋ. ಅದೇ ಹತ್ತರಲ್ಲಿ ಒಬ್ಬ ಪಕ್ಕದವನ ಬೀಗ ಮುರಿದಾಗ ಉಳಿದ ಒಂಬತ್ತು ಮಂದಿ ಅವನ ಮೇಲೆ ಏಳುವುದು ಸಾಮೂಹಿಕ ಭದ್ರತೆ. 1949ರ ನ್ಯಾಟೋ ಒಪ್ಪಂದ ನಿಂತಿರುವುದು ವಿಶ್ವಸಂಸ್ಥೆ ಸನ್ನದಿನ 51ನೇ ವಿಧಿಯ ಮೇಲೆ, ಅಂದರೆ ಆತ್ಮರಕ್ಷಣೆಯ ಹಕ್ಕಿನ ಮೇಲೆ. ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎನ್ನುವ ನ್ಯಾಟೋ ಒಪ್ಪಂದದ 5ನೇ ಕಲಮು ಕೂಡ ತಾನಾಗಿಯೇ ಯುದ್ಧಕ್ಕೆ ಇಳಿಸುವುದಿಲ್ಲ. ಪ್ರತಿ ದೇಶ ತನಗೆ ಅಗತ್ಯ ಕಂಡ ಕ್ರಮ ಕೈಗೊಳ್ಳುತ್ತದೆ. ಆ ಕಲಮು ಜಾರಿಯಾದದ್ದು ಒಮ್ಮೆ ಮಾತ್ರ, 2001ರ ಸೆಪ್ಟೆಂಬರ್ ದಾಳಿಯ ನಂತರ.

ಎರಡನೆಯದಕ್ಕೆ ಸನ್ನದಿನ 7ನೇ ಅಧ್ಯಾಯ ತೆಗೀರಿ. 39ನೇ ವಿಧಿಯಲ್ಲಿ ಭದ್ರತಾ ಮಂಡಳಿ ಶಾಂತಿಭಂಗ ಆಗಿದೆ ಎಂದು ಗುರುತಿಸುತ್ತದೆ. 40 ತಾತ್ಕಾಲಿಕ ಕ್ರಮ. 41 ವ್ಯಾಪಾರ, ರೈಲು, ಹಡಗು, ಅಂಚೆ ಕಡಿತ. 42 ಸೈನಿಕ ಬಲ. ಆ ಬಲ ಎಲ್ಲಿಂದ ಬರಬೇಕು? 43ನೇ ವಿಧಿಯಂತೆ ಸದಸ್ಯ ದೇಶಗಳು ಒಪ್ಪಂದ ಮಾಡಿಕೊಂಡು ಪಡೆ ಒದಗಿಸಬೇಕಿತ್ತು. 1945ರಿಂದ ಇವತ್ತಿನವರೆಗೆ ಅಂಥ ಒಂದು ಒಪ್ಪಂದಕ್ಕೂ ಸಹಿ ಬಿದ್ದಿಲ್ಲ. ಹಾಗಾಗಿ ಮಂಡಳಿ ದಂಡು ಕಳಿಸುವುದಿಲ್ಲ, ಹೋಗುವವರಿಗೆ ಪರವಾನಗಿ ಕೊಡುತ್ತದೆ, ಅಷ್ಟೇ. ವಿಟೋ ಒಂದನ್ನೇ ಹಿಡಿದು ಬೈಯುವವರು ಈ ಖಾಲಿ ಜಾಗ ನೋಡುವುದಿಲ್ಲ.

ಯಂತ್ರ ಸರಿಯಾಗಿ ತಿರುಗಿದ್ದು ನೋಡಬೇಕಂದ್ರೆ ಕುವೈತ್ ತಗೊಳ್ರಿ. 1990ರ ಆಗಸ್ಟ್ 2ರಂದು ಇರಾಕ್ ನುಗ್ಗಿತು. ಅದೇ ದಿನ 660ನೇ ಠರಾವು, 6ರಂದು ನಿರ್ಬಂಧ ಹೇರಿದ 661. ನವೆಂಬರ್ 29ರ 678ನೇ ಠರಾವು ಜನವರಿ 15ರ ಗಡುವು ಕೊಟ್ಟು, ಆಮೇಲೆ ಬಲಪ್ರಯೋಗಕ್ಕೆ ದಾರಿ ಬಿಟ್ಟಿತು. ಪರ 12, ವಿರೋಧ 2 (ಕ್ಯೂಬಾ, ಯೆಮೆನ್), ಚೀನಾ ತಟಸ್ಥ. ಕಾಯಂ ಸದಸ್ಯ ತಟಸ್ಥವಾಗಿದ್ದರೆ ಅದು ವಿಟೋ ಅಲ್ಲ. 15ರಲ್ಲಿ 9 ಮತ ಬಿದ್ದರೆ ಸಾಕು. ಅಲ್ಲೂ ಕಾದಾಡಿದ್ದು ಅಮೆರಿಕದ ನಾಯಕತ್ವದ ಮಿತ್ರಪಡೆ, ವಿಶ್ವಸಂಸ್ಥೆಯ ಸೈನ್ಯವಲ್ಲ.

ಉಕ್ರೇನ್ ವಿಷಯದಲ್ಲಿ ರಷ್ಯಾದ ದಾಳಿ ಖಂಡಿಸುವ 2022ರ ಫೆಬ್ರವರಿ 25ರ ಕರಡು ಠರಾವಿಗೆ ಮಂಡಳಿಯಲ್ಲಿ 11 ಮತ ಬಿತ್ತು, ರಷ್ಯಾ ವಿಟೋ ಹಾಕಿತು, ಭಾರತ ಸೇರಿ ಮೂವರು ತಟಸ್ಥ. ಎರಡು ದಿನ ಬಿಟ್ಟು ಎಲ್ಲ ಸದಸ್ಯ ದೇಶಗಳು ಕೂಡುವ ಮಹಾಸಭೆಯ ತುರ್ತು ಅಧಿವೇಶನವನ್ನು ಮಂಡಳಿ ಕರೆಯಿತು. ಅದು ಕಾರ್ಯವಿಧಾನದ ಪ್ರಶ್ನೆ, ವಿಟೋ ನಡೆಯುವುದಿಲ್ಲ. ಮಾರ್ಚ್ 2ರಂದು ಅಲ್ಲಿ ದಾಳಿ ಖಂಡಿಸುವ ಠರಾವಿಗೆ ಪರ 141, ವಿರೋಧ 5, ತಟಸ್ಥ 35. ಆದರೆ ಮಹಾಸಭೆ ಶಿಫಾರಸು ಮಾಡಬಲ್ಲದು, ಕಡ್ಡಾಯ ಮಾಡಲಾರದು. ವಿಟೋ ಇರಲಿಲ್ಲ ಅಂತಲೇ ಇಟ್ಟುಕೊಳ್ರಿ: ಅಣುಬಾಂಬ್ ಇರುವ ದೇಶದ ಮೇಲೆ ಯಾರು ದಂಡೆತ್ತಿ ಹೋಗುತ್ತಿದ್ದರು?

ಮತ ಬಿದ್ದರೂ ಕೆಲಸ ಕೆಡುತ್ತದೆ ಎನ್ನುವುದಕ್ಕೆ ವಿಶ್ವಸಂಸ್ಥೆಗಿಂತ ಮುಂಚೆ ಇದ್ದ ಲೀಗ್ ಆಫ್ ನೇಷನ್ಸ್ ನೋಡ್ರಿ. 1935ರಲ್ಲಿ ಇಟಲಿ ಅಬಿಸೀನಿಯಾ (ಇವತ್ತಿನ ಇಥಿಯೋಪಿಯಾ) ಮೇಲೆ ಬಿದ್ದಾಗ ಬಹುತೇಕ ಸದಸ್ಯರು ನಿರ್ಬಂಧಕ್ಕೆ ಒಪ್ಪಿದರು. ಆದರೆ ಪಟ್ಟಿಯಲ್ಲಿ ಎಣ್ಣೆಯೇ ಇರಲಿಲ್ಲ, ಸೂಯೆಜ್ ಕಾಲುವೆಯನ್ನೂ ಮುಚ್ಚಲಿಲ್ಲ. ಮುಸ್ಸೊಲಿನಿ ಹಿಟ್ಲರ್ ಕಡೆ ವಾಲಿಯಾನು ಎಂಬ ಅಂಜಿಕೆ ಬ್ರಿಟನ್, ಫ್ರಾನ್ಸ್‌ಗಳಿಗೆ. 1936ರ ಜುಲೈಗೆ ನಿರ್ಬಂಧವೇ ಎದ್ದುಹೋಯಿತು.

ಇನ್ನೊಂದು, ನೀಲಿ ಟೋಪಿಯ ಶಾಂತಿಪಾಲನಾ ಪಡೆಯನ್ನು 42ನೇ ವಿಧಿಗೆ ಜೋಡಿಸಬ್ಯಾಡ್ರಿ. ಸನ್ನದಿನಲ್ಲಿ ಅದರ ಹೆಸರೇ ಇಲ್ಲ; ಮೂಲತಃ ಅದು ಸಂಬಂಧಪಟ್ಟವರ ಒಪ್ಪಿಗೆಯ ಮೇಲೆ ನಿಲ್ಲುವ ವ್ಯವಸ್ಥೆ. ಕರ್ನಾಟಕದ ಉದಾಹರಣೆ ಬೇಕಿದ್ದರೆ ಕೊಡಗಿನ ಜನರಲ್ ತಿಮ್ಮಯ್ಯ ಅವರನ್ನು ಬರೀರಿ: 1964ರಿಂದ ಸೈಪ್ರಸ್‌ನಲ್ಲಿ ಆ ಪಡೆಯ ದಂಡನಾಯಕರಾಗಿದ್ದರು, 1965ರ ಡಿಸೆಂಬರ್‌ನಲ್ಲಿ ಹುದ್ದೆಯಲ್ಲಿದ್ದಾಗಲೇ ಅಲ್ಲಿಯೇ ತೀರಿಕೊಂಡರು.