ದೊಡ್ಡ ಕರುಳಿನ ಬಲಭಾಗದ ಕ್ಯಾನ್ಸರ್ ಎಡಭಾಗದ್ದಕ್ಕಿಂತ ಹೆಚ್ಚು ಅಪಾಯಕಾರಿಯೇ?

ತಂದೆಯವರ ದೊಡ್ಡ ಕರುಳಿನ ಬಲಭಾಗದಲ್ಲಿ ಕ್ಯಾನ್ಸರ್ ಗಡ್ಡೆ ಕಂಡುಬಂದಿದೆ, ಕೆಲವು ತಿಂಗಳಿಂದ ರಕ್ತಹೀನತೆಗೆ ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳುತ್ತಿದ್ದರು, ಶಸ್ತ್ರಚಿಕಿತ್ಸೆ ಇನ್ನಷ್ಟೇ ಆಗಬೇಕು ಎಂದು ಬರೆದಿದ್ದೀರಿ. ಬಲಭಾಗದ ಕ್ಯಾನ್ಸರ್ ಬಂದವರು ಹೆಚ್ಚು ಕಾಲ ಬದುಕುವುದಿಲ್ಲ ಎಂದು ಓದಿದ್ದು ನಿಜವೇ ಎಂಬುದು ನಿಮ್ಮ ಪ್ರಶ್ನೆ. ಕರುಳಿನ ಗಡ್ಡೆಗಳನ್ನು ಪರೀಕ್ಷಿಸಿ ವರದಿ ಬರೆಯುವ ಪೆಥಾಲಜಿಸ್ಟ್ ಆಗಿ ಉತ್ತರಿಸುತ್ತಿದ್ದೇನೆ. ನೀವು ಓದಿದ ಅಂಕಿಗಳು ಸುಳ್ಳಲ್ಲ, ಆದರೆ ಅವು ಯಾವ ರೋಗಿಗಳಿಗೆ ಸಂಬಂಧಿಸಿದವು ಎಂಬುದನ್ನು ಮೊದಲು ನೋಡಬೇಕು.

ದೊಡ್ಡ ಕರುಳಿನ ಬಲಭಾಗವು ಭ್ರೂಣದ ಮಧ್ಯಕರುಳಿನಿಂದಲೂ ಎಡಭಾಗವು ಹಿಂಗರುಳಿನಿಂದಲೂ ಬೆಳೆದು ಬರುತ್ತವೆ. ಎರಡಕ್ಕೂ ರಕ್ತ ಪೂರೈಸುವ ಅಪಧಮನಿಗಳೇ ಬೇರೆ. ಬಲಭಾಗದಲ್ಲಿ ಕರುಳು ಅಗಲವಾಗಿದ್ದು ಮಲ ಇನ್ನೂ ತೆಳುವಾಗಿರುವುದರಿಂದ ಗಡ್ಡೆ ಸಾಕಷ್ಟು ದೊಡ್ಡದಾಗುವವರೆಗೂ ತಡೆ ಉಂಟಾಗುವುದಿಲ್ಲ. ಅಲ್ಲಿ ನಿಧಾನವಾಗಿ ಒಸರುವ ರಕ್ತ ಮಲದೊಂದಿಗೆ ಬೆರೆತು ಕಣ್ಣಿಗೆ ಬೀಳದೆ ಹೋಗುತ್ತದೆ. ಕೊನೆಗೆ ಸುಸ್ತು ಮತ್ತು ರಕ್ತಹೀನತೆಯಷ್ಟೇ ಎದ್ದು ಕಾಣುತ್ತವೆ. ತಂದೆಯವರಿಗೆ ಆದದ್ದೂ ಇದೇ ಇರಬಹುದು. ಎಡಭಾಗದಲ್ಲಾದರೆ ಮಲವಿಸರ್ಜನೆಯ ಕ್ರಮ ಬದಲಾಗುತ್ತದೆ, ರಕ್ತ ಕಣ್ಣಿಗೆ ಕಾಣುತ್ತದೆ. (ಗುದನಾಳದ ಕ್ಯಾನ್ಸರಿನ ರಕ್ತವನ್ನು ಮೂಲವ್ಯಾಧಿಯೆಂದು ತಿಳಿದು ತಿಂಗಳುಗಟ್ಟಲೆ ಕಳೆಯುವವರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.)

ಜೀವಕೋಶಗಳ ಮಟ್ಟದಲ್ಲಿ ವ್ಯತ್ಯಾಸ ಇನ್ನೂ ಆಳವಾಗಿದೆ. ಬಿಆರ್‌ಎಎಫ್ ವಂಶವಾಹಿಯ ರೂಪಾಂತರ, ಲೋಳೆ ತುಂಬಿದ ಗಡ್ಡೆ, ಹೊಟ್ಟೆಯ ಒಳಪದರಕ್ಕೆ ಹರಡುವ ಸ್ವಭಾವ ಇವೆಲ್ಲ ಬಲಭಾಗದಲ್ಲಿ ಹೆಚ್ಚು. ಎಡಭಾಗದ ಕ್ಯಾನ್ಸರ್ ಯಕೃತ್ತಿಗೆ ಮತ್ತು ಶ್ವಾಸಕೋಶಕ್ಕೆ ಹರಡುವುದು ಹೆಚ್ಚು, ಮತ್ತು ಕ್ಯಾನ್ಸರ್ ಕೋಶಗಳ ಬೆಳವಣಿಗೆಯ ಸಂಕೇತವನ್ನು ತಡೆಯುವ ಸೆಟುಕ್ಸಿಮ್ಯಾಬ್‌ನಂತಹ ಔಷಧಗಳಿಗೆ ಅದು ಚೆನ್ನಾಗಿ ಸ್ಪಂದಿಸುತ್ತದೆ. 2016ರಲ್ಲಿ ಅಮೆರಿಕದಲ್ಲಿ ಪ್ರಕಟಿಸಲಾದ ಒಂದು ದೊಡ್ಡ ಚಿಕಿತ್ಸಾ ಪ್ರಯೋಗದ ವಿಶ್ಲೇಷಣೆಯಲ್ಲಿ ಬದುಕುಳಿವಿನ ಮಧ್ಯಮಾಂಕ, ಅಂದರೆ ಅರ್ಧದಷ್ಟು ರೋಗಿಗಳು ದಾಟಿದ ಅವಧಿ, ಎಡಭಾಗದವರಲ್ಲಿ 33.3 ತಿಂಗಳು, ಬಲಭಾಗದವರಲ್ಲಿ 19.4 ತಿಂಗಳು ಇತ್ತು. ಬಹುಶಃ ನೀವು ಓದಿದ್ದು ಇದನ್ನೇ. ಆದರೆ ಅವರೆಲ್ಲರೂ ಕ್ಯಾನ್ಸರ್ ಬೇರೆ ಅಂಗಗಳಿಗೆ ಈಗಾಗಲೇ ಹರಡಿದ್ದ, ಕೆಆರ್‌ಎಎಸ್ ಎಂಬ ವಂಶವಾಹಿಯಲ್ಲಿ ರೂಪಾಂತರವಿಲ್ಲದ ರೋಗಿಗಳು. ಶಸ್ತ್ರಚಿಕಿತ್ಸೆಯಿಂದ ಪೂರ್ತಿ ತೆಗೆಯಬಹುದಾದ ಗಡ್ಡೆಗೆ ಆ ಲೆಕ್ಕ ಅನ್ವಯಿಸುವುದಿಲ್ಲ.

ಇನ್ನೊಂದು ಮುಖ್ಯ ಸಂಗತಿಯಿದೆ. ಡಿಎನ್‌ಎ ನಕಲಾಗುವಾಗ ಆಗುವ ತಪ್ಪುಗಳನ್ನು ತಿದ್ದುವ ವ್ಯವಸ್ಥೆ ಕೆಟ್ಟುಹೋದ ಗಡ್ಡೆಗಳು ಬಲಭಾಗದಲ್ಲೇ ಹೆಚ್ಚಾಗಿ ಸಿಗುತ್ತವೆ. ಇಂಥ ಗಡ್ಡೆ ಎರಡನೇ ಹಂತದಲ್ಲಿದ್ದರೆ ಶಸ್ತ್ರಚಿಕಿತ್ಸೆಯ ನಂತರದ ಫಲಿತಾಂಶ ಸಾಮಾನ್ಯಕ್ಕಿಂತ ಉತ್ತಮವಾಗಿರುತ್ತದೆ. ದೇಹದೆಲ್ಲೆಡೆ ಹರಡಿದಾಗಲೂ ಇಮ್ಯುನೋಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಬಳಸುವ ಚಿಕಿತ್ಸೆ, ಕೆಲಸ ಮಾಡುವುದು ಮುಖ್ಯವಾಗಿ ಈ ಬಗೆಯಲ್ಲೇ. ಇಂಥ ಹರಡಿದ ಗಡ್ಡೆಯಿದ್ದವರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪೆಂಬ್ರೋಲಿಝುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧ ಪಡೆದವರಲ್ಲಿ ರೋಗ ಮತ್ತೆ ಉಲ್ಬಣಿಸದೆ ಕಳೆದ ಅವಧಿಯ ಮಧ್ಯಮಾಂಕ 16.5 ತಿಂಗಳು, ಕಿಮೋಥೆರಪಿ ಪಡೆದವರಲ್ಲಿ 8.2 ತಿಂಗಳು. ಹಾಗಾಗಿ ಗಡ್ಡೆ ಬಲಭಾಗದಲ್ಲಿದೆ ಎಂಬ ಒಂದೇ ಕಾರಣಕ್ಕೆ ಮುಂದಿನದನ್ನು ನಿರ್ಧರಿಸುವುದನ್ನು ನಾನು ಒಪ್ಪುವುದಿಲ್ಲ.

ಬಯಾಪ್ಸಿ ತುಣುಕಿನ ಮೇಲೆ ಎಂಎಂಆರ್ ಪರೀಕ್ಷೆ, ಅಂದರೆ ಡಿಎನ್‌ಎ ತಪ್ಪುಗಳನ್ನು ತಿದ್ದುವ ಆ ವ್ಯವಸ್ಥೆ ಸರಿಯಿದೆಯೇ ಎಂದು ನೋಡುವ ಪರೀಕ್ಷೆ, ಆಗಿದೆಯೇ ಎಂದು ವೈದ್ಯರನ್ನು ಈಗಲೇ ಕೇಳಿ. ಶಸ್ತ್ರಚಿಕಿತ್ಸೆಯ ನಂತರದ ವರದಿಯಲ್ಲಿ ಕನಿಷ್ಠ 12 ದುಗ್ಧಗ್ರಂಥಿಗಳನ್ನು ಪರೀಕ್ಷಿಸಿದ್ದಾರೆಯೇ ಎಂದು ನೋಡಿ. ಅದಕ್ಕಿಂತ ಕಡಿಮೆಯಾದರೆ ಹಂತದ ನಿರ್ಣಯವನ್ನು ಪೂರ್ತಿ ನಂಬುವುದು ಕಷ್ಟ. ಕ್ಯಾನ್ಸರ್ ಹರಡಿದೆ ಎಂದು ಗೊತ್ತಾದರೆ ಮಾತ್ರ ಆರ್‌ಎಎಸ್ (ಕೆಆರ್‌ಎಎಸ್ ಸೇರಿದ ವಂಶವಾಹಿಗಳ ಗುಂಪು), ಬಿಆರ್‌ಎಎಫ್ ಪರೀಕ್ಷೆಗಳು ಔಷಧದ ಆಯ್ಕೆಗೆ ಅತ್ಯಗತ್ಯವಾಗುತ್ತವೆ. ಎಂಎಂಆರ್ ದೋಷ ಕಂಡುಬಂದರೆ ಅದು ಲಿಂಚ್ ಸಿಂಡ್ರೋಮ್ ಎಂಬ ವಂಶಪಾರಂಪರ್ಯ ಸ್ಥಿತಿಯೇ ಎಂದು ತಿಳಿಯಲು ಮುಂದಿನ ಪರೀಕ್ಷೆ ಬೇಕಾಗುತ್ತದೆ. ಹೌದೆಂದಾದರೆ ನೀವೂ ನಿಮ್ಮ ಒಡಹುಟ್ಟಿದವರೂ ವಂಶವಾಹಿ ಪರೀಕ್ಷೆ ಮಾಡಿಸಿಕೊಳ್ಳಬೇಕು, ದೋಷವಿರುವವರು ನಿಯಮಿತವಾಗಿ ಕೊಲೊನೋಸ್ಕೋಪಿ ಮಾಡಿಸಿಕೊಳ್ಳುತ್ತಿರಬೇಕು.